ಕೆಂಪು ಬಾಲದ ವಿಮಾನಗಳೂ ನಮ್ಮ ಗಜವೀರನೂ

ಯುದ್ಧದ ಸಿನೆಮಾ ಎಂದರೆ ನನಗೆ ಚಿಕ್ಕಂದಿನಿಂದಲೂ ಒಂದು ಹುಚ್ಚು. ಬೀದಿಯಲ್ಲಿ ಜಗಳ ಕಂಡರೆ ದಾರಿ ಬದಲಿಸುವ, ಮನೆಯಲ್ಲಿ ಜಿರಳೆ ಹೊಡೆಯಲಿಕ್ಕೂ ಹೆಂಡತಿಯನ್ನೇ ಕರೆಯುವ ಮನುಷ್ಯನಿಗೆ ಈ ಹುಚ್ಚು ಎಲ್ಲಿಂದ ಅಂಟಿಕೊಂಡಿತೋ ದೇವರೇ ಬಲ್ಲ. ಬಹುಶಃ ಯಕ್ಷಗಾನದಿಂದ ಇರಬೇಕು. ಹೊನ್ನಾವರದ ಸುತ್ತ ಹುಟ್ಟಿದವನಿಗೆ ಚಂಡೆಯ ಸದ್ದು ಕಿವಿಗೆ ಬೀಳದೆ ಬಾಲ್ಯ ಕಳೆಯುವುದು ಸಾಧ್ಯವಿಲ್ಲ. ಗುಣವಂತೆಯ ಕೆರೆಮನೆಯವರ ಮೇಳ ಎಲ್ಲೇ ಆಟವಾಡಲಿ, ಕಂಬಳಿ ಸುತ್ತಿಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂತುಬಿಡುತ್ತಿದ್ದೆ. ಕಥೆ ಕೇಳುತ್ತ ಕೇಳುತ್ತ ನಿದ್ದೆ ಬಂದರೂ ಯುದ್ಧದ ಹೊತ್ತಿಗೆ ಸರಿಯಾಗಿ ಎಚ್ಚರವಾಗುತ್ತಿತ್ತು.

ಮುಂದೆ ಭಟ್ಕಳದಲ್ಲಿ ಮಾಸ್ತರಿಕೆ ಸಿಕ್ಕಿತು. ಎಂಬತ್ತರ ದಶಕದ ಭಟ್ಕಳವೆಂದರೆ ದುಬೈ ಸಾಮಾನಿನ ಪೇಟೆ. ಟೇಪ್ ರೆಕಾರ್ಡರು, ಸೆಂಟು, ಕೊಡೆ, ಕೊನೆಗೆ ವಿಸಿಆರ್ ಕೂಡ ಅಲ್ಲಿ ಉಳಿದ ಊರುಗಳಿಗಿಂತ ಮೊದಲೇ ಬಂದಿಳಿದಿತ್ತು. ನಾವು ನಾಲ್ಕೈದು ಮಂದಿ ಮಾಸ್ತರುಗಳು ಸಂಬಳದ ದಿನ ದುಡ್ಡು ಹಾಕಿ ಒಂದು ರಾತ್ರಿಯ ಮಟ್ಟಿಗೆ ವಿಸಿಆರ್ ಬಾಡಿಗೆಗೆ ತರುತ್ತಿದ್ದೆವು. ‘ದಿ ಗನ್ಸ್ ಆಫ್ ನವರೋನ್’, ‘ವೇರ್ ಈಗಲ್ಸ್ ಡೇರ್’ ಇವನ್ನೆಲ್ಲ ನಾನು ನೋಡಿದ್ದು ಹಾಗೆ. ಇಂಗ್ಲಿಷ್ ಅರ್ಧ ತಿಳಿಯುತ್ತಿತ್ತು, ಗುಂಡಿನ ಸದ್ದು ಪೂರ್ತಿ ತಿಳಿಯುತ್ತಿತ್ತು. ಆ ಸಿನೆಮಾಗಳಲ್ಲಿ ಸಾಹಸ ಮಾಡುವವರೆಲ್ಲ ಬಿಳಿಯರೇ ಎಂಬುದು ಮಾತ್ರ ನನ್ನ ತಲೆಗೆ ಒಮ್ಮೆಯೂ ಹೊಳೆದಿರಲಿಲ್ಲ. ಹೊಳೆಯಲು ಕಳೆದ ಮಳೆಗಾಲದವರೆಗೆ ಕಾಯಬೇಕಾಯಿತು.

ನಿವೃತ್ತನಾದ ಮೇಲೆ ಕುಮಟಾದಲ್ಲಿ ಮನೆ ಮಾಡಿಕೊಂಡಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಸ್ ಚಾಲಕ. ಅವನ ಬಸ್ಸು ಆಗಾಗ ಕುಮಟಾದಲ್ಲಿ ವಸ್ತಿ ಉಳಿಯುತ್ತದೆ. ಹಾಗೆ ಉಳಿದಾಗ ರಾತ್ರಿ ನಮ್ಮಲ್ಲಿಗೆ ಬಂದು ಒಂದು ಲೋಟ ಚಾ ಕುಡಿದು, ಕಷ್ಟಸುಖ ಮಾತಾಡಿ ಹೋಗುವುದು ರೂಢಿ. ಯಲ್ಲಾಪುರದ ಕಡೆಯವನು. ಸಿದ್ದಿ ಸಮುದಾಯದವನು.

ಉತ್ತರ ಕನ್ನಡದವರಿಗೆ ಇಷ್ಟು ಹೇಳಿದರೆ ಸಾಕು. ಬೇರೆ ಕಡೆಯ ಓದುಗರಿಗಾಗಿ ಎರಡು ಮಾತು: ಸಿದ್ದಿಗಳ ಹಿರಿಯರು ಆಫ್ರಿಕದವರು. ಬಹುಪಾಲು ಜನ ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ಬಂದಿಳಿದವರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಮಕ್ಕಳು ಮೊಮ್ಮಕ್ಕಳು ಇಂದು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾಗಳ ಸೀಮೆಯಲ್ಲಿದ್ದಾರೆ. ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರಿಶ್ಚಿಯನ್ನರಿದ್ದಾರೆ. ಕನ್ನಡ, ಕೊಂಕಣಿ ಮಾತಾಡುತ್ತಾರೆ. ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಅವರ ಹೆಸರು ಸೇರಿದ್ದು 2003ರಲ್ಲಿ.

ಇಷ್ಟೆಲ್ಲ ಶತಮಾನ ಕಳೆದರೂ ನಮ್ಮ ಚಾಲಕನಿಗೆ ಗೋಕರ್ಣದ ಬಸ್‌ಸ್ಟ್ಯಾಂಡಿನಲ್ಲಿ ಒಂದು ಕಾಟ ತಪ್ಪಿಲ್ಲ. ಬೆಂಗಳೂರಿನಿಂದ ಬಂದ ಹುಡುಗರು ಅವನನ್ನು ನೋಡಿ ಇಂಗ್ಲಿಷಿನಲ್ಲಿ “ಯಾವ ದೇಶ?” ಎಂದು ಕೇಳುತ್ತಾರಂತೆ. ಇವನು ಗಂಭೀರವಾಗಿ “ಯಲ್ಲಾಪುರ” ಎನ್ನುತ್ತಾನೆ. “ಅದು ಆಫ್ರಿಕದಲ್ಲಿ ಎಲ್ಲಿ ಬರುತ್ತದೆ?” ಎಂದು ಒಬ್ಬ ಕೇಳಿದ್ದನಂತೆ. “ಅಂಕೋಲಾದಿಂದ ಘಟ್ಟ ಹತ್ತಬೇಕು” ಎಂದನಂತೆ ಇವನು. ಇದನ್ನು ಹೇಳಿ ತಾನೇ ನಗುತ್ತಾನೆ. ನಾನೂ ನಗುತ್ತೇನೆ. ಆದರೆ ಇಬ್ಬರ ನಗುವೂ ಒಂದೇ ಅಲ್ಲ ಎಂದು ನನಗೆ ಗೊತ್ತಿದೆ.

ಆ ದಿನ ಅವನು ರಜೆಯಲ್ಲಿದ್ದ. ಹನ್ನೆರಡು ವರ್ಷದ ಮಗನನ್ನು ಯಾವುದೋ ಕೆಲಸಕ್ಕೆ ಕುಮಟಾಕ್ಕೆ ಕರೆತಂದವನು ಮಳೆ ಹಿಡಿದುಕೊಂಡದ್ದರಿಂದ ನಮ್ಮಲ್ಲೇ ಉಳಿದ. ನನ್ನ ಹೆಂಡತಿ ಹಲಸಿನ ಹಪ್ಪಳ ಕರಿದಿಟ್ಟಳು. ನನ್ನ ಮಗ ಬೆಂಗಳೂರಿನಿಂದ ಬಂದಾಗ ಟೀವಿಗೆ ಅದೇನೋ ಜೋಡಿಸಿ ಹೋಗಿದ್ದಾನೆ, ಬೇಕಾದ ಸಿನೆಮಾ ಬೇಕಾದಾಗ ನೋಡಬಹುದು. ಹುಡುಗ ಒಂದೊಂದೇ ಚಿತ್ರಪಟ ಸರಿಸುತ್ತ ಹೋದವನು ವಿಮಾನಗಳಿದ್ದ ಒಂದರ ಮೇಲೆ ಕೈ ನಿಲ್ಲಿಸಿದ. ‘ರೆಡ್ ಟೇಲ್ಸ್’. 2012ರದು. ಯುದ್ಧದ ಸಿನೆಮಾ! ನಾನು ಕುರ್ಚಿ ಎಳೆದುಕೊಂಡೆ.

ಚಿತ್ರ ಶುರುವಾಗುವುದೇ ಒಂದು ಬರಹದಿಂದ. ಕರಿಯರು ಯುದ್ಧಕ್ಕೆ ಲಾಯಕ್ಕಲ್ಲ, ಅವರಿಗೆ ಬುದ್ಧಿಯೂ ಕಡಿಮೆ, ಧೈರ್ಯವೂ ಕಡಿಮೆ ಎಂಬ ಅರ್ಥದ ಮಾತು. ಅಮೆರಿಕದ ಸೈನ್ಯದ ಯುದ್ಧ ಕಾಲೇಜು 1925ರಲ್ಲಿ ಮಾಡಿದ ಅಧ್ಯಯನದ್ದು. ಇಂಗ್ಲಿಷ್ ಅಕ್ಷರ ಓಡುತ್ತಿದ್ದುದರಿಂದ ನಾನೇ ಭಾಗವತನಾಗಿ ಕನ್ನಡದಲ್ಲಿ ಅರ್ಥ ಹೇಳಬೇಕಾಗಿತ್ತು. ಈ ಸಾಲು ಬಂದಾಗ ನನ್ನ ಗಂಟಲು ಕಟ್ಟಿತು. “ಎಂತ ಬರ್ದದೆ ಮಾಸ್ತರ್ರೇ?” ಎಂದು ಅವನೇ ಕೇಳಿದ. ಹೇಳಿದೆ. “ಹೂಂ” ಎಂದು ಹಪ್ಪಳ ಮುರಿದ.

ಕಥೆ ಎರಡನೇ ಮಹಾಯುದ್ಧದ್ದು. ಅಮೆರಿಕದ ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ ತರಬೇತಿ ಪಡೆದ ಕರಿಯ ವೈಮಾನಿಕರು ಇಟಲಿಗೆ ಬಂದಿದ್ದಾರೆ. ಅವರಿಗೆ ಕೊಟ್ಟಿರುವುದು ಹಳೆಯ ವಿಮಾನ, ಮಾಡಿಸುವುದು ಯುದ್ಧದಿಂದ ದೂರದ ಸಣ್ಣಪುಟ್ಟ ಕೆಲಸ. ಕೊನೆಗೂ ಹೊಸ ಮಸ್ಟಾಂಗ್ ವಿಮಾನ ಕೈಗೆ ಬರುತ್ತದೆ. ಅದರ ಬಾಲಕ್ಕೆ ಕೆಂಪು ಬಣ್ಣ ಬಳಿದು, ಬಿಳಿಯರು ನಡೆಸುವ ಬಾಂಬರ್ ವಿಮಾನಗಳಿಗೆ ಕಾವಲಾಗಿ ಹಾರುತ್ತಾರೆ.

ಈಗ ಮಾಸ್ತರನ ಬುದ್ಧಿ ಕೇಳಿ. ಅರ್ಧ ತಾಸಿನಲ್ಲೇ ನಾನು ಕೆಂಪು ಪೆನ್ನು ಹಿಡಿದಾಗಿತ್ತು. ಮಾತುಗಳು ವಾರ್ಷಿಕೋತ್ಸವದ ನಾಟಕದ ಹಾಗಿವೆ. ಒಬ್ಬ ಕುಡುಕ, ಒಬ್ಬ ಹುಂಬ, ಒಬ್ಬ ಎಳೆಯ, ಹೀಗೆ ತಲೆಗೊಂದು ಗುಣ ಹಂಚಿಬಿಟ್ಟಿದ್ದಾರೆ. ಹುಂಬನು ವಿಮಾನದಿಂದಲೇ ಮಹಡಿಯ ಮೇಲಿನ ಇಟಲಿಯ ಹುಡುಗಿಯನ್ನು ಕಂಡು ಪ್ರೀತಿಸುತ್ತಾನೆ. ಅವಳ ಭಾಷೆ ಇವನಿಗಿಲ್ಲ, ಇವನ ಭಾಷೆ ಅವಳಿಗಿಲ್ಲ, ಆದರೂ ಮದುವೆಯ ಮಾತಿಗೆ ತಡವಾಗುವುದಿಲ್ಲ. ಜರ್ಮನ್ ಖಳನಿಗೆ ಮುಖದ ಮೇಲೊಂದು ಗಾಯದ ಗುರುತು, ಬಣ್ಣದ ವೇಷದ ಹಾಗೆ. ಟೆರೆನ್ಸ್ ಹೋವರ್ಡ್, ಕ್ಯೂಬಾ ಗುಡಿಂಗ್‌ರಂಥ ನಟರು ಇದ್ದಾರೆ. ಒಬ್ಬರಿಗೆ ಭಾಷಣ ಮಾಡುವ ಕೆಲಸ, ಇನ್ನೊಬ್ಬರಿಗೆ ಪೈಪ್ ಕಚ್ಚುವ ಕೆಲಸ. ಇದನ್ನೆಲ್ಲ ನಾನು ಜೋರಾಗಿಯೇ ಹೇಳುತ್ತಿದ್ದೆ.

ಹುಡುಗ ಕೇಳಿಸಿಕೊಳ್ಳುತ್ತಿರಲಿಲ್ಲ. ಕುರ್ಚಿಯ ತುದಿಗೆ ಬಂದಿದ್ದ. ವಿಮಾನ ಎಡಕ್ಕೆ ವಾಲಿದರೆ ಅವನೂ ಎಡಕ್ಕೆ ವಾಲುತ್ತಿದ್ದ. ಮದ್ದುಗುಂಡು ತುಂಬಿದ ರೈಲು ಸಿಡಿದಾಗ “ಹೋ!” ಎಂದು ಕೂಗಿ ಹಪ್ಪಳದ ತಟ್ಟೆ ಬೀಳಿಸಿದ. ಅವನ ಅಪ್ಪ ಗದರಲಿಲ್ಲ. ಅಪ್ಪನೂ ವಾಲುತ್ತಿದ್ದ! ನಲವತ್ತು ದಾಟಿದ, ದಿನವೂ ದೇವಿಮನೆ ಘಟ್ಟದಂಥ ತಿರುವುಗಳಲ್ಲಿ ಬಸ್ಸು ಹೊಡೆಯುವ ಮನುಷ್ಯ, ಇಲ್ಲದ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ನಾನು ಮೆಲ್ಲಗೆ ಕೆಂಪು ಪೆನ್ನು ಮುಚ್ಚಿದೆ. ನವರೋನ್ ನೋಡುವಾಗ ನಾನೂ ಹೀಗೇ ಇದ್ದೆನಲ್ಲ? ಆ ಸಿನೆಮಾದಲ್ಲಿ ಮಾತು ಸಹಜವಾಗಿತ್ತೇ, ಕಥೆ ನಂಬುವಂತಿತ್ತೇ ಎಂದು ಯಾರು ಕೇಳಿದ್ದರು? ಅಲ್ಲಿಂದ ಮುಂದೆ ನಾನೂ ಸಂತೋಷವಾಗಿ ನೋಡಿದೆ. ನಿಜ ಹೇಳುತ್ತೇನೆ, ಚೆನ್ನಾಗಿತ್ತು.

ಬರ್ಲಿನ್ನಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಕುಮಟಾದ ಮಳೆಗಾಲದಲ್ಲಿ ಇದು ವಿಶೇಷವೇನಲ್ಲ. ಹೆಂಡತಿ ಮೇಣದಬತ್ತಿ ಹಚ್ಚಿದಳು. ಹುಡುಗ ಕತ್ತಲಲ್ಲಿ ಕೇಳಿದ: “ಅಪ್ಪಾ, ಇದು ಖರೇ ನಡೆದದ್ದಾ?”

“ಖರೇ ಅಂತೆ.”

“ನಮ್ಮ ಸಿದ್ದಿಯರಲ್ಲಿ ಹಿಂಗೆ ಯುದ್ಧ ಮಾಡಿದವರು ಇಲ್ಲಾ?”

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಮಾಸ್ತರ್ರನ್ನೇ ಕೇಳು” ಎಂದ.

ಮೂವತ್ತು ವರ್ಷಕ್ಕೂ ಹಿಂದಿನ ಒಂದು ಮಧ್ಯಾಹ್ನ ನನ್ನೆದುರು ಬಂದು ನಿಂತಿತು. ತೊಂಬತ್ತರ ದಶಕದ ಮೊದಲ ವರ್ಷಗಳು. ಆಗ ನಾನು ಹೊನ್ನಾವರ ತಾಲೂಕಿನ ಒಂದು ಹೈಸ್ಕೂಲಿನಲ್ಲಿದ್ದೆ. ಇವನ ಅಪ್ಪ ತೋಟದ ಕೆಲಸಕ್ಕೆಂದು ಆ ಕಡೆ ಬಂದಿದ್ದರಿಂದ ಇವನು ನಮ್ಮಲ್ಲಿ ಎಂಟನೆಯ ತರಗತಿಗೆ ಸೇರಿದ್ದ. ಆಗಸ್ಟ್ ಹದಿನೈದಕ್ಕೆ ಸಂಗೊಳ್ಳಿ ರಾಯಣ್ಣನ ನಾಟಕ ಆಡಿಸಬೇಕೆಂದು ನಾನೇ ಒಂದು ಪುಟ್ಟ ನಾಟಕ ಬರೆದಿದ್ದೆ. ಪಾತ್ರ ಹಂಚುವಾಗ ಇವನು ಎದ್ದು ನಿಂತು, “ಮಾಸ್ತರ್ರೇ, ನಂಗೆ ಗಜವೀರನ ಪಾತ್ರ ಕೊಡಿ” ಎಂದ.

“ಯಾವ ಗಜವೀರನೋ?”

“ರಾಯಣ್ಣನ ಸಂಗ್ತಿಗಿದ್ದ ಸಿದ್ದಿ. ನಮ್ಮಜ್ಜ ಹೇಳ್ತಿದ್ದ.”

ತರಗತಿ ನಕ್ಕಿತು. ನಾನೂ ನಕ್ಕೆ. “ಅಜ್ಜ ಹೇಳಿದ್ದೆಲ್ಲ ಇತಿಹಾಸ ಆಗೂದಿಲ್ಲ. ಗಜವೀರನ ಪಾತ್ರ ಇಲ್ಲ, ಕೂತ್ಕೋ” ಎಂದೆ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಹುಡುಗ ಗಟ್ಟಿಮುಟ್ಟಾಗಿದ್ದಾನೆ, ನೋಡಿದರೆ ಹೆದರಿಕೆಯಾಗುವಂತಿದ್ದಾನೆ ಎಂದು ಅವನಿಗೆ ನಾನು ಕೊಟ್ಟ ಪಾತ್ರ ಯಾವುದು ಗೊತ್ತೇ? ನಂದಗಡದಲ್ಲಿ ರಾಯಣ್ಣನ ಕೊರಳಿಗೆ ಹಗ್ಗ ಹಾಕುವವನದು. ಒಂದೇ ಒಂದು ಮಾತಿಲ್ಲದ ಪಾತ್ರ. ಅವನು ಅದನ್ನು ಚಾಚೂ ತಪ್ಪದೆ ಮಾಡಿದ. ನೆರೆದ ಜನ ಅವನನ್ನು ಬೈದರು, ಪಾತ್ರಕ್ಕೆ ಅದೇ ಮೆಚ್ಚುಗೆ ಎಂದು ನಾನು ಬೆನ್ನು ತಟ್ಟಿದೆ. ಮರುದಿನದಿಂದ ಹುಡುಗರು ಅವನನ್ನು ‘ಗಲ್ಲು’ ಎಂದು ಕರೆಯತೊಡಗಿದರು. ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ಆ ಹೆಸರು ಅವನನ್ನು ಬಿಡಲಿಲ್ಲ.

ಅಜ್ಜ ಹೇಳಿದ್ದು ಸರಿಯಾಗಿತ್ತು ಎಂದು ನನಗೆ ತಿಳಿದದ್ದು ಬಹಳ ವರ್ಷದ ಮೇಲೆ. ಕಿತ್ತೂರು ಸೀಮೆಯ ಜನರ ಬಾಯಲ್ಲಿ, ಲಾವಣಿಗಳಲ್ಲಿ ರಾಯಣ್ಣನ ಬಂಟರ ಜೊತೆ ಸಿದ್ದಿ ಗಜವೀರನ ಹೆಸರು ಉಳಿದುಕೊಂಡು ಬಂದಿದೆ. ಕಿತ್ತೂರು ಬಿದ್ದದ್ದು 1824ರ ಡಿಸೆಂಬರಿನಲ್ಲಿ, ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡದ್ದು 1829ರಲ್ಲಿ. ಆಮೇಲೆ ರಾಯಣ್ಣ ಕಾಡು ಹಿಡಿದು ಇಂಗ್ಲಿಷರ ಕಚೇರಿಗಳನ್ನು ಸುಟ್ಟು ಹೋರಾಡಿದ. 1830ರಲ್ಲಿ ನಮ್ಮವರೇ ಹಿಡಿದುಕೊಟ್ಟರು, 1831ರ ಜನವರಿ 26ರಂದು ಗಲ್ಲಿಗೆ ಹಾಕಿದರು. ಆ ಕಾಡಿನ ಯುದ್ಧದಲ್ಲಿ ಕಾಡು ಬಲ್ಲ ಸಿದ್ದಿಯೊಬ್ಬ ಜೊತೆಗಿದ್ದ ಎಂದರೆ ಅದರಲ್ಲಿ ನಗುವಂಥದ್ದು ಏನಿತ್ತು? ಓದಿದ ಮಾಸ್ತರನಿಗೆ ತಿಳಿಯದ್ದು ಓದದ ಅಜ್ಜನಿಗೆ ತಿಳಿದಿತ್ತು, ಅಷ್ಟೆ. ತಿಳಿದ ಮೇಲಾದರೂ ನಾನು ಅವನನ್ನು ಹುಡುಕಿ ಹೇಳಬೇಕಿತ್ತು. ಹೇಳಲಿಲ್ಲ. ಅವನೇ ಚಾಲಕನಾಗಿ ಕುಮಟಾಕ್ಕೆ ಬಂದು ಎಷ್ಟೋ ಸಲ ಚಾ ಕುಡಿದು ಹೋದ ಮೇಲೂ ಹೇಳಿರಲಿಲ್ಲ.

ಮೇಣದಬತ್ತಿಯ ಬೆಳಕಿನಲ್ಲಿ ಹೇಳಿದೆ. ಮೊದಲು ಗಜವೀರನ ಕಥೆ. ಆಮೇಲೆ ಮಲಿಕ್ ಅಂಬರನದು. ಇಥಿಯೋಪಿಯದಲ್ಲಿ ಹುಟ್ಟಿ, ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾಗಿ, ದಖ್ಖನ್ನಿಗೆ ಬಂದು ಅಹಮದ್‌ನಗರದ ರಾಜ್ಯವನ್ನೇ ನಡೆಸಿದವನು ಅವನು. 1626ರಲ್ಲಿ ಸಾಯುವವರೆಗೂ ಮೊಗಲರಿಗೆ ನಿದ್ದೆಗೊಡಲಿಲ್ಲ. ಅವನನ್ನು ಗೆಲ್ಲಲಾರದ ಜಹಾಂಗೀರ್ ಬಾದಶಹ, ಅವನ ಕಡಿದ ತಲೆಗೆ ತಾನು ಬಾಣ ಬಿಡುತ್ತಿರುವಂತೆ ಚಿತ್ರ ಬರೆಸಿಕೊಂಡು ಸಮಾಧಾನಪಟ್ಟ. “ಅದೂ ಒಂದು ನಮೂನೆ ಸಿನೆಮಾನೇ” ಎಂದು ಚಾಲಕ ನಕ್ಕ. ಕೊನೆಗೆ ಇಬ್ನ್ ಬತೂತನ ವಿಷಯ. 1342ರ ಸುಮಾರಿಗೆ ಗುಜರಾತಿನಿಂದ ಹಡಗಿನಲ್ಲಿ ನಮ್ಮ ಈ ಕಡಲತೀರದಲ್ಲೇ ಇಳಿದು ಬಂದು ಹೊನ್ನಾವರ ಕಂಡವನು. ಅವನ ಹಡಗಿನಲ್ಲಿ ಕಾವಲಿಗೆ ಐವತ್ತು ಮಂದಿ ಹಬ್ಶಿ ಯೋಧರಿದ್ದರು. ಅಂಥವರಲ್ಲಿ ಒಬ್ಬನಿದ್ದರೂ ಕಡಲುಗಳ್ಳರು ಆ ಹಡಗಿನ ಹತ್ತಿರ ಸುಳಿಯುವುದಿಲ್ಲ ಎಂದು ಬರೆದಿಟ್ಟಿದ್ದಾನೆ.

“ನಮ್ಮ ಹೊನ್ನಾವರದ ಕಡಲಲ್ಲಾ?” ಹುಡುಗನಿಗೆ ಅದೇ ದೊಡ್ಡದಾಗಿ ಕಂಡಿತು.

“ಇದೇ ಕಡಲು” ಎಂದೆ. ಆಮೇಲೆ ಅವನ ಅಪ್ಪನ ಕಡೆ ತಿರುಗಿ, “ಆ ನಾಟಕದಲ್ಲಿ ನಾನು ತಪ್ಪು ಮಾಡಿದೆ ಮಾರಾಯ. ನಿನ್ನ ಅಜ್ಜ ಹೇಳಿದ್ದು ಸರಿ ಇತ್ತು” ಎಂದೆ. ಇಷ್ಟು ಹೇಳಲು ಕತ್ತಲೆ ಬೇಕಾಯಿತು.

ಅವನು ತಕ್ಷಣ ಮಾತಾಡಲಿಲ್ಲ. ಮಳೆಯ ಸದ್ದು ಜೋರಾಗಿತ್ತು. “ನೀವು ಮರ್ತಿದ್ರಿ ಅಂತ ಮಾಡಿದ್ದೆ” ಎಂದ. ಅಷ್ಟೇ. ಕ್ಷಮಿಸಿದೆ ಎನ್ನಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ. ಅದು ನ್ಯಾಯವೇ.

ಕರೆಂಟು ಬಂತು. ಕೆಂಪು ಬಾಲದ ವಿಮಾನಗಳು ಬರ್ಲಿನ್ನಿಗೆ ಹೋದವು, ಜರ್ಮನರ ಹೊಸ ಜೆಟ್ ವಿಮಾನಗಳನ್ನು ಬೀಳಿಸಿದವು. ಹುಂಬ ವೈಮಾನಿಕ ಖಳನನ್ನು ಕೊಂದು ತಾನೂ ಸತ್ತ. ಹುಡುಗ ಕಣ್ಣೊರೆಸಿಕೊಂಡ. ಸಾಯುತ್ತಾನೆಂದು ನನಗೆ ಮೊದಲೇ ಗೊತ್ತಿತ್ತು, ಆದರೂ ನಾನೂ ಕನ್ನಡಕ ಒರೆಸಿಕೊಂಡೆ.

ಅವರು ಮಲಗಿದ ಮೇಲೆ ನಾನು ಈ ವೈಮಾನಿಕರ ನಿಜವಾದ ಚರಿತ್ರೆಯನ್ನು ಹುಡುಕಿ ಓದುತ್ತ ಕೂತೆ. ಟಸ್ಕೀಗಿಯಲ್ಲಿ ತಯಾರಾದ ವೈಮಾನಿಕರು ಒಟ್ಟು 992. ಬರ್ಲಿನ್ ಹಾರಾಟ ನಡೆದದ್ದು 1945ರ ಮಾರ್ಚ್ 24ರಂದು, ಅಂದು ಅವರು ಮೂರು ಜೆಟ್ ಕೆಡವಿದ್ದು ನಿಜ. ತಮ್ಮ ಕಾವಲಿನಲ್ಲಿ ಒಂದೂ ಬಾಂಬರ್ ಕಳೆದುಕೊಳ್ಳಲಿಲ್ಲ ಎಂಬ ಖ್ಯಾತಿ ಬಹುಕಾಲ ಇತ್ತು. ಅದು ಸರಿಯಲ್ಲ, ಕನಿಷ್ಠ 25 ವಿಮಾನ ಹೋಗಿದ್ದವು ಎಂದು ಇತಿಹಾಸಕಾರರು ಹಳೆಯ ಕಡತ ತೆಗೆದು ತೋರಿಸಿದ್ದಾರೆ. ಹಾಗಿದ್ದರೂ ಅದು ಬೇರೆ ಕಾವಲು ಪಡೆಗಳ ನಷ್ಟಕ್ಕಿಂತ ಕಡಿಮೆಯೇ. ನಿಜ ಸಾಕಾಗಿತ್ತು, ಉತ್ಪ್ರೇಕ್ಷೆ ಬೇಕಿರಲಿಲ್ಲ.

ಅವರ ನಿಜವಾದ ದಂಡನಾಯಕ ಬೆಂಜಮಿನ್ ಡೇವಿಸ್. ವೆಸ್ಟ್ ಪಾಯಿಂಟಿನ ಸೈನಿಕ ಶಾಲೆಯಲ್ಲಿ ನಾಲ್ಕು ವರ್ಷ ಸಹಪಾಠಿಗಳು ಅವರನ್ನು ಕೆಲಸಕ್ಕಲ್ಲದೆ ಮಾತಾಡಿಸಲೇ ಇಲ್ಲವಂತೆ. ಒಬ್ಬರೇ ಉಂಡು, ಒಬ್ಬರೇ ಕೋಣೆಯಲ್ಲಿದ್ದು 1936ರಲ್ಲಿ ಪಾಸಾಗಿ ಹೊರಬಂದರು. ಸಿನೆಮಾದಲ್ಲಿ ಇದಿಲ್ಲ. ಇದನ್ನು ಬಿಟ್ಟು ಆ ಇಟಲಿಯ ಪ್ರೇಮಕಥೆ ಯಾಕೆ ತೆಗೆದರೋ! ಅಮೆರಿಕದ ಸಂಸತ್ತು ಈ ವೈಮಾನಿಕರಿಗೆ ತನ್ನ ಚಿನ್ನದ ಪದಕ ಕೊಟ್ಟದ್ದು 2007ರಲ್ಲಿ. ಅಷ್ಟು ಹೊತ್ತಿಗೆ ಬದುಕಿದ್ದವರು ಕೆಲವರು ಮಾತ್ರ. ಡೇವಿಸ್ ತೀರಿಕೊಂಡು ಐದು ವರ್ಷವಾಗಿತ್ತು.

ನಿರ್ಮಾಪಕ ಜಾರ್ಜ್ ಲುಕಾಸ್ ‘ಸ್ಟಾರ್ ವಾರ್ಸ್’ ಮಾಡಿದ ಶ್ರೀಮಂತ. ಆದರೂ ಈ ಚಿತ್ರಕ್ಕೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಅಲೆದರು. ದೊಡ್ಡ ಬಿಳಿಯ ಪಾತ್ರವಿಲ್ಲ, ನಮಗೆ ಬೇಡ ಎಂದರಂತೆ ಕಂಪನಿಗಳು. ಕೊನೆಗೆ 5 ಕೋಟಿ 80 ಲಕ್ಷ ಡಾಲರ್ ಸ್ವಂತ ಹಣ ಹಾಕಿ, ಆಂಥೊನಿ ಹೆಮಿಂಗ್‌ವೇ ಎಂಬ ಕರಿಯ ನಿರ್ದೇಶಕರಿಂದ ಮಾಡಿಸಿದರು. ಹಾಕಿದಷ್ಟೂ ಟಿಕೆಟಿನಲ್ಲಿ ಹುಟ್ಟಲಿಲ್ಲ.

ನಮ್ಮಲ್ಲೂ ಅದೇ 2012ರ ರಾಜ್ಯೋತ್ಸವಕ್ಕೆ ನಾಗಣ್ಣ ನಿರ್ದೇಶನದ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಬಂತು. ದರ್ಶನ್ ರಾಯಣ್ಣ, ಜಯಪ್ರದಾ ಚೆನ್ನಮ್ಮ. ಅದನ್ನು ಟಿಕೆಟಿಗೆ ನೂಕಾಡಿ ನೋಡಿದವರಲ್ಲಿ ನಾನೂ ಒಬ್ಬ. ಆ ಚಿತ್ರ ರಾಯಣ್ಣನದು, ಇರಬೇಕಾದದ್ದೂ ಹಾಗೆಯೇ. ಗಜವೀರನನ್ನೇ ನಡುವೆ ನಿಲ್ಲಿಸಿದ ಸಿನೆಮಾವನ್ನು ನಾನು ಇನ್ನೂ ನೋಡಿಲ್ಲ. 1983ರ ‘ರಜಿಯಾ ಸುಲ್ತಾನ್’ ಹಿಂದಿ ಚಿತ್ರದಲ್ಲಿ ಹಬ್ಶಿ ಯಾಕೂತನ ಪಾತ್ರವಿತ್ತು. ಅದಕ್ಕೆ ಧರ್ಮೇಂದ್ರರ ಮುಖಕ್ಕೆ ಕಪ್ಪು ಬಳಿದರು. ಹಾಗಂತ ನಟಿಸುವ ಸಿದ್ದಿಗಳಿಲ್ಲವೆಂದಲ್ಲ. ಎಂಬತ್ತರ ದಶಕದಲ್ಲೇ ನೀನಾಸಂನವರು ಮಂಚಿಕೇರಿಯ ಸಿದ್ದಿಗಳಿಂದ ಆಫ್ರಿಕದ ಚಿನುವ ಅಚಿಬೆಯ ಕಾದಂಬರಿಯನ್ನು ‘ಕಪ್ಪು ಜನ ಕೆಂಪು ನೆರಳು’ ಎಂದು ರಂಗಕ್ಕೆ ತಂದಿದ್ದರು. ಪ್ರಶಾಂತ್ ಸಿದ್ದಿಯವರನ್ನು ಕನ್ನಡ ಸಿನೆಮಾದಲ್ಲಿ ಎಲ್ಲರೂ ನೋಡಿದ್ದಾರೆ. ಆದರೆ ಮಂಚಿಕೇರಿಗೂ ನನ್ನ ಶಾಲೆಗೂ ಒಂದು ಘಟ್ಟದ ಅಂತರ. ನಾನು ಆ ಹುಡುಗನ ಕೈಗೆ ಹಗ್ಗ ಕೊಟ್ಟದ್ದು ಆ ನಾಟಕ ಆಡಿ ಎಷ್ಟೋ ವರ್ಷಗಳಾದ ಮೇಲೆ.

ಬೆಳಿಗ್ಗೆ ಮಳೆ ಹೊಳವಾಗಿತ್ತು. ಬಸ್‌ಸ್ಟ್ಯಾಂಡಿನವರೆಗೆ ಅವರ ಜೊತೆ ನಡೆದೆ. ಹುಡುಗ ಕೊಡೆಯನ್ನು ರೆಕ್ಕೆ ಮಾಡಿಕೊಂಡು ಕೆಸರಿನ ಹೊಂಡಗಳ ಮೇಲೆ ಬಾಂಬು ಹಾಕುತ್ತ ಮುಂದೆ ಓಡುತ್ತಿದ್ದ. ನಾನು ರಾತ್ರಿ ಓದಿದ್ದನ್ನೆಲ್ಲ ಅವನ ಅಪ್ಪನಿಗೆ ಒಪ್ಪಿಸಿದೆ. ಸಿನೆಮಾದವರು ಎಲ್ಲಿ ಎಡವಿದರು, ಯಾವುದು ನಿಜ, ಯಾವುದು ಸೇರಿಸಿದ್ದು ಎಂದೆಲ್ಲ. ಗಜವೀರನ ಮೇಲೆ ಯಾರಾದರೂ ಸಿನೆಮಾ ಮಾಡುವುದಾದರೆ ಸರಿಯಾಗಿ ಸಂಶೋಧನೆ ಮಾಡಿ ಒಳ್ಳೇದೇ ಮಾಡಬೇಕು ಎಂದೂ ಸೇರಿಸಿದೆ.

ಅವನು ನಿಂತು ನನ್ನ ಮುಖ ನೋಡಿದ. “ಒಳ್ಳೇದೇ ಆಗ್ಬೇಕು ಅಂತಿಲ್ಲ ಮಾಸ್ತರ್ರೇ. ಸುಮಾರಿದ್ರೂ ಅಡ್ಡಿಲ್ಲ, ಮೊದ್ಲು ಒಂದು ಬರ್ಲಿ. ತಪ್ಪು ತೆಗೂಕೆ ನೀವು ಹೆಂಗೂ ಇದ್ರಿ.”

ಬಸ್ಸು ಬಂತು. ಕಂಡಕ್ಟರು ಪರಿಚಯದವನಂತೆ, ಇವರಿಗೆ ಮುಂದಿನ ಸೀಟು ಬಿಟ್ಟುಕೊಟ್ಟ. ಹುಡುಗ ಕಿಟಕಿಯಿಂದ ಕೈ ಬೀಸಿದ. ಮನೆಗೆ ಬಂದು ಹಳೆಯ ಟ್ರಂಕು ತೆಗೆದೆ. ಆ ನಾಟಕದ ಹಸ್ತಪ್ರತಿ ಗೆದ್ದಲು ತಿಂದು ಅರ್ಧ ಉಳಿದಿದೆ. ಪಾತ್ರಗಳ ಪಟ್ಟಿಯ ಪುಟ ಮಾತ್ರ ಪೂರ್ತಿ ಇದೆ. ಅದರ ಕೊನೆಯಲ್ಲಿ ಒಂದು ಹೆಸರು ಬರೆಯುವಷ್ಟು ಜಾಗ ಇತ್ತು.